ಡಾನಾಂಗಿನಲ್ಲಿ ನಾನು ನಿಲ್ಲಿಸಿದ ಓಟ

ವಿಯೆಟ್ನಾಮಿಗೆ ಹೋಗಿ ಬಂದವರು ನಮ್ಮ ಸುಳ್ಯದ ಕಡೆಯಲ್ಲೂ ಈಗ ಬೇಕಷ್ಟು ಜನ ಇದ್ದಾರೆ. ಬೆಂಕಿ ಉಗುಳುವ ಸೇತುವೆ, ಬೆಟ್ಟದ ಮೇಲಿನ ದೊಡ್ಡ ಬಿಳಿ ವಿಗ್ರಹ, ಬೀದಿ ತುಂಬ ನೇತಾಡುವ ಬಣ್ಣದ ಗೂಡುದೀಪ, ಎಲ್ಲದರ ಫೋಟೋ ನೀವು ಯಾರದ್ದಾದರೂ ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಅವುಗಳ ಬಗ್ಗೆ ಹೇಳಲು ನನ್ನಲ್ಲಿ ಹೊಸತೇನೂ ಇಲ್ಲ. ಊರಿನ ಮಾಸಪತ್ರಿಕೆಯವರು, "ನೀವು ಹೋಗಿ ಬಂದದ್ದನ್ನು ಬರೆದುಕೊಡಿ, ನಾಲ್ಕು ಜನ ಓದ್ಲಿ" ಎಂದಾಗ ಮೊದಲು ಬೇಡವೆಂದೆ. ಓದಿದ್ದು ಎಸ್ಸೆಸ್ಸೆಲ್ಸಿ, ಬರೆದು ಅಭ್ಯಾಸವಿಲ್ಲ ಎಂದು ನೆಪ ಹೇಳಿದೆ. ಆಮೇಲೆ ಯೋಚನೆ ಬಂತು. ನಾಲ್ಕು ಜನಕ್ಕೆ ತಿಳಿಯಬೇಕಾದ ಒಂದು ಸಂಗತಿ ಆ ಪ್ರವಾಸದಲ್ಲಿ ನಡೆದಿದೆ. ಮಾಡಿದವನು ನಾನು. ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನೀವಾದರೂ ನಂಬುತ್ತೀರೋ ನೋಡೋಣ.

ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ಅರ್ಥವಾಗಲಿ ಎಂದು ಮಾತುಗಳನ್ನೆಲ್ಲ ಪೇಟೆಯ ಕನ್ನಡದಲ್ಲೇ ಬರೆದಿದ್ದೇನೆ.

ಹೊರಡುವ ಮೊದಲು: ಆಲೆಟ್ಟಿ ರಸ್ತೆ

ನನಗೆ ಎಪ್ಪತ್ತು ಹತ್ತಿರವಾಯಿತು. ಶುಗರ್ ಬಂದು ಬಹಳ ವರ್ಷವಾಗಿದೆ. ಕಳೆದ ಮಳೆಗಾಲ ಮುಗಿದ ಮೇಲೆ ಡಾಕ್ಟರು ನನ್ನ ಹೊಟ್ಟೆಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, "ನಡೆಯುದು ಸಾಲದು. ಸ್ವಲ್ಪ ಸ್ವಲ್ಪ ಓಡ್ಲಿಕ್ಕೆ ಶುರು ಮಾಡಿ" ಎಂದರು. ಈ ಮಾತು ಕೇಳಿ ನನಗೆ ಖುಷಿಯಾಯಿತು. ಹೈಸ್ಕೂಲಿನಲ್ಲಿ ನಾನು ಓಟದಲ್ಲಿ ಬಹುಮಾನ ತೆಗೆದವನು. ಬದುಕಿನಲ್ಲಿ ಬೇರೆ ಬಹುಮಾನ ಬರಲಿಲ್ಲವಾದ್ದರಿಂದ ಅದನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ. ಮಗಳು ಶೂ ತಂದುಕೊಟ್ಟಳು. ಬೆಳಗ್ಗೆ ಆಲೆಟ್ಟಿ ರಸ್ತೆಯಲ್ಲಿ ಮನೆಯಿಂದ ಶಾಲೆಯ ಮೈದಾನದವರೆಗೆ ಓಡಲು ಶುರುಮಾಡಿದೆ.

ಮೊದಲ ದಿನವೇ ಚಹಾದ ಅಂಗಡಿಯ ಜಗಲಿಯಿಂದ ಕೂಗು ಬಂತು. "ಎಂತ ಮಾರಾಯ್ರೆ, ನಾಯಿ ಅಟ್ಟಿಸ್ಕೊಂಡು ಬಂತಾ?"

ಒಂದು ವಾರ ಆಗಿರಬೇಕು. ಮಾತ್ರೆ ನುಂಗಿ, ಏನೂ ತಿನ್ನದೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಕೈಕಾಲು ನಡುಗಿ, ಮೈಯೆಲ್ಲ ಬೆವತು, ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ಯಾರೋ ಮನೆಗೆ ಸುದ್ದಿ ಮುಟ್ಟಿಸಿದರು. ನನ್ನ ಹೆಂಡತಿ ಕುಸುಮ ಬೆಲ್ಲದ ಉಂಡೆ ಹಿಡಿದುಕೊಂಡು ಓಡಿ ಬಂದಳು. ಬೆಲ್ಲ ಕರಗಿ ಗಂಟಲಿಗಿಳಿದ ಮೇಲೆ ಲೋಕ ಮತ್ತೆ ನೆಟ್ಟಗಾಯಿತು. ಅದು ನಿಜವಾದದ್ದು. ಅದನ್ನು ಇಲ್ಲಿ ಹೇಳಲು ಕಾರಣವಿದೆ.

ಮರುದಿನದಿಂದ ಅವಳು ನನ್ನ ಹಿಂದೆಯೇ ಹೊರಟಳು. ನೈಟಿ, ಹೆಗಲಿಗೊಂದು ಬೈರಾಸು, ಅಂದರೆ ಟವೆಲು, ಕಾಲಿಗೆ ರಬ್ಬರು ಚಪ್ಪಲಿ, ಮುಷ್ಟಿಯಲ್ಲಿ ಕರವಸ್ತ್ರಕ್ಕೆ ಗಂಟು ಹಾಕಿದ ಬೆಲ್ಲ. "ನಾನು ಎಂತ ಓಡುದು? ನಿಮ್ಮ ಹಿಂದೆ ಬರುದಷ್ಟೆ" ಎನ್ನುತ್ತಿದ್ದಳು. ಅಂಗಡಿಯ ಜಗಲಿಗೆ ಹೊಸ ತಮಾಷೆ ಸಿಕ್ಕಿತು. "ಈಗ ನಾಯಿ ಅಲ್ಲ, ಕುಸುಮಕ್ಕನೇ ಅಟ್ಟಿಸ್ಕೊಂಡು ಬರುದು!"

ನಾನೂ ನಗುತ್ತಿದ್ದೆ. ನಗು ನಿಂತದ್ದು ಯಾವಾಗ ಎಂದರೆ, ಒಂದು ದಿನ ಏರು ಹತ್ತುವಾಗ ನನ್ನ ಏದುಸಿರು ಮಾತ್ರ ನನಗೆ ಕೇಳಿಸಿತು. ಹಿಂದೆ ಅವಳಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡಿದೆ. ಇದ್ದಳು, ಎರಡು ಮಾರು ಹಿಂದೆ. ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಉಸಿರಾಡಿಕೊಂಡು, ದನಕ್ಕೆ ಹುಲ್ಲು ತರಲು ಹೋಗುವವಳ ಹಾಗೆ ಬರುತ್ತಿದ್ದಳು. ಜೀವಮಾನವಿಡೀ ತಲೆಹೊರೆ ಹೊತ್ತುಕೊಂಡು ಗುಡ್ಡ ಹತ್ತಿಳಿದವಳಿಗೆ ಬರಿ ತಲೆಯಲ್ಲಿ ಹತ್ತುವುದು ಒಂದು ಕೆಲಸವೇ? ಅಂದಿನಿಂದ ನಾನು ನಿಂತಾಗಲೆಲ್ಲ, "ನಿನಗೆ ಸುಸ್ತಾಯ್ತಾ? ಸ್ವಲ್ಪ ನಿಲ್ಲುವ" ಎಂದು ಹೇಳತೊಡಗಿದೆ. ಅವಳು ಪಾಪ, "ಹ್ಞೂಂ" ಎಂದು ನಿಲ್ಲುತ್ತಿದ್ದಳು.

ಜಗಲಿಯವರಿಗೆ ಕಣ್ಣಿತ್ತು. "ಕುಸುಮಕ್ಕನಿಗೆ ನೀವೇ ಬ್ರೇಕ್ ಮಾರಾಯ್ರೆ. ಒಮ್ಮೆ ಬಿಟ್ಟು ನೋಡಿ, ಸುಳ್ಯ ಮುಟ್ಟಿಯಾರು!" ಅಂದು ನಾನು ಜಗಲಿಯ ಕಡೆ ನೋಡದೆ ಮುಂದೆ ಹೋದೆ.

ಡಾನಾಂಗ್: ಮೊದಲ ಬೆಳಗು

ಪ್ರವಾಸ ಹೊರಡಿಸಿದ್ದು ಮಗಳು ಶೋಭಾ ಮತ್ತು ಅಳಿಯ ಪುರುಷೋತ್ತಮ. ಶೋಭಾ ಆಲಂಕಾರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಪುರುಷೋತ್ತಮನದ್ದು ಕಡಬದಲ್ಲಿ ಡ್ರೈವಿಂಗ್ ಶಾಲೆ. "ಮಾವ, ನೀವು ಮತ್ತು ಅತ್ತೆ ತಿರುಪತಿ ಬಿಟ್ಟು ಬೇರೆ ಎಲ್ಲಿಗೆ ಹೋಗಿದ್ದೀರಿ? ಈ ಸಲ ನಾಲ್ಕೂ ಜನ ದೂರ ಹೋಗುವ" ಎಂದ. ಹೊರಟೆವು.

ಡಾನಾಂಗಿನಲ್ಲಿ ಇಳಿದ ಕ್ಷಣದಿಂದ ಅಳಿಯ ತಲೆ ಹಿಡಿದುಕೊಂಡ. ಅಲ್ಲಿ ಸ್ಕೂಟರುಗಳು ನೀರು ಬಂದ ಹಾಗೆ ಬರುತ್ತವೆ. ನಿಲ್ಲುವುದೂ ಇಲ್ಲ, ತಾಗುವುದೂ ಇಲ್ಲ. ರಸ್ತೆ ದಾಟುವವರು ಎದೆ ಗಟ್ಟಿ ಮಾಡಿ ನಿಧಾನಕ್ಕೆ ನಡೆಯುತ್ತಾ ಹೋಗಬೇಕು, ಅವು ಅಕ್ಕಪಕ್ಕದಲ್ಲಿ ಹರಿದು ಹೋಗುತ್ತವೆ. "ಇವರಿಗೆಲ್ಲ ಲೈಸನ್ಸ್ ಕೊಟ್ಟದ್ದು ಯಾರು?" ಎಂದು ಅಳಿಯ ಹೌಹಾರಿ ಫುಟ್‌ಪಾತಿನಲ್ಲೇ ನಿಂತ. ಕುಸುಮ ಅವನ ಕೈ ಹಿಡಿದು ದಾಟಿಸಿದಳು. ಡ್ರೈವಿಂಗ್ ಕಲಿಸುವವನನ್ನು ಅತ್ತೆ ರಸ್ತೆ ದಾಟಿಸಿದ್ದು ಎಂದು ಶೋಭಾ ಇಡೀ ದಿನ ನಕ್ಕಳು.

ಮರುದಿನ ಬೆಳಕು ಹರಿಯುವ ಮೊದಲೇ ನಮಗಿಬ್ಬರಿಗೂ ಎಚ್ಚರವಾಯಿತು. ಹೋಟೆಲಿನ ಎದುರೇ ಕಡಲು. ಅಷ್ಟು ಹೊತ್ತಿಗೆ ಯಾರು ಇರುತ್ತಾರೆ ಎಂದುಕೊಂಡು ಇಳಿದರೆ, ಕಡಲ ಬದಿಯಲ್ಲಿ ಊರಿಗೆ ಊರೇ ನೆರೆದಿತ್ತು. ಎಲ್ಲರೂ ಅಜ್ಜ ಅಜ್ಜಿಯರು. ಕೆಲವರು ನೀರಿನಲ್ಲಿ, ಕೆಲವರು ಕೈ ಮೇಲೆತ್ತಿ ವ್ಯಾಯಾಮದಲ್ಲಿ, ಕೆಲವರು ಗರಿ ಕಟ್ಟಿದ ಬಿಲ್ಲೆಯನ್ನು ಕಾಲಿನಿಂದ ಒದ್ದು ಒದ್ದು ಆಡುತ್ತಿದ್ದರು. ನಮ್ಮಲ್ಲಿ ಈ ವಯಸ್ಸಿನವರು ಬೆಳಗ್ಗೆ ಎದ್ದು ಪೇಪರಿನಲ್ಲಿ ತೀರಿಹೋದವರ ಫೋಟೋ ನೋಡುತ್ತಾರೆ. ನಮ್ಮ ಕಡಲಿಗೆ ಸೂರ್ಯ ಸಂಜೆ ಇಳಿಯುತ್ತಾನೆ. ಅಲ್ಲಿ ಬೆಳಗ್ಗೆ ಕಡಲಿನಿಂದಲೇ ಎದ್ದು ಬಂದ. ಕುಸುಮ ಚಪ್ಪಲಿ ಕಳಚಿ ಕೈಮುಗಿದಳು.

ಹೆಂಗಸರೆಲ್ಲ ಹೂವಿನ ಚಿತ್ತಾರದ ತೆಳ್ಳಗಿನ ಬಟ್ಟೆಯಲ್ಲಿ ಹೊಲಿದ ಅಂಗಿ, ಅದೇ ಬಟ್ಟೆಯ ಪೈಜಾಮ ಹಾಕಿದ್ದರು. ಕುಸುಮ ನನ್ನ ಕಿವಿಯಲ್ಲಿ, "ಇಕೊಳ್ಳಿ, ಇದು ನಮ್ಮ ನೈಟಿಯದ್ದೇ ಬಟ್ಟೆ. ಮಧ್ಯದಲ್ಲಿ ಕತ್ತರಿಸಿದ್ದು ಅಷ್ಟೆ" ಎಂದಳು. ಅದನ್ನು ನೋಡಿದ ಮೇಲೆ ಅವಳಿಗೆ ತನ್ನ ನೈಟಿ ಮತ್ತು ಬೈರಾಸಿನ ನಾಚಿಕೆ ಬಿಟ್ಟುಹೋಯಿತು.

ಕಡಲ ಉದ್ದಕ್ಕೂ ಕಲ್ಲು ಹಾಸಿದ ದಾರಿ. ಎರಡು ಬಸ್ಸು ಎದುರುಬದುರು ಬರಬಹುದಾದಷ್ಟು ಅಗಲ. ನಾವು ಓಡಲು ಶುರುಮಾಡಿದೆವು. ನಾನು ಮುಂದೆ, ಅವಳು ಎರಡು ಮಾರು ಹಿಂದೆ. ನಮ್ಮ ತೋಟದ ದಾರಿ ಒಂದು ಕಾಲು ಅಗಲದ್ದು. ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗದೆ ಬೇರೆ ಉಪಾಯವಿಲ್ಲ. ಮದುವೆಯಾದ ಲಾಗಾಯ್ತು ಹಾಗೆಯೇ ನಡೆದು, ಪುತ್ತೂರಿನ ಪೇಟೆಯಲ್ಲೂ ನಾವು ಹಾಗೆಯೇ ಹೋಗುವುದು. ಅಲ್ಲಿಯೂ ಹಾಗೆಯೇ ಹೋದೆವು. ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

ಅಲ್ಲಿನವರಿಗೆ ಕಂಡಿತು. ನಮ್ಮದೇ ವಯಸ್ಸಿನ ಒಬ್ಬಳು ಹೆಂಗಸು, ಲಾನ್ ಎಂದು ಹೆಸರು, ನಗುತ್ತಾ ಕುಸುಮನ ಪಕ್ಕದಲ್ಲಿ ಓಡತೊಡಗಿದಳು. ನಾನು ನಿಂತಾಗ ಅವರೂ ನಿಂತರು. ಲಾನ್ ತನ್ನ ಫೋನಿಗೆ ಏನೋ ಹೇಳಿ ನಮ್ಮ ಮುಂದೆ ಹಿಡಿದಳು. ಫೋನಿನೊಳಗಿನ ಹೆಂಗಸು ರೇಡಿಯೋದಲ್ಲಿ ವಾರ್ತೆ ಓದುವ ಹಾಗೆ ಕನ್ನಡದಲ್ಲಿ ಹೇಳಿದಳು: "ದಾರಿ ಅಗಲವಾಗಿದೆ. ನಿಮ್ಮ ಪತಿಯು ನಿಮ್ಮನ್ನು ಏಕೆ ಹಿಂದೆ ಇರಿಸುತ್ತಾರೆ?"

ಕುಸುಮನಿಗೆ ನಗು ತಡೆಯಲಾಗಲಿಲ್ಲ. ಫೋನಿಗೆ ಬಾಯಿ ಹಚ್ಚಿ, "ಅವರು ಬಿದ್ರೆ ಹಿಂದೆ ಇದ್ದವರಿಗಲ್ಲವಾ ಕಾಣುದು?" ಎಂದಳು. ಅದು ಅವರ ಭಾಷೆಯಲ್ಲಿ ಏನಾಗಿ ಕೇಳಿಸಿತೋ, ಲಾನ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮರುಕದಿಂದ ನನ್ನ ಬೆನ್ನು ತಟ್ಟಿದಳು.

ಹೋಯಿ ಆನ್

ಮರುದಿನ ಹೋಯಿ ಆನ್ ಎಂಬ ಹಳೆಯ ಪೇಟೆಗೆ ಹೋದೆವು. ಅಲ್ಲಿ ಬೀದಿಗೆ ಬೀದಿಯೇ ಹೊಲಿಗೆಯವರದ್ದು. ಬೆಳಗ್ಗೆ ಅಳತೆ ಕೊಟ್ಟರೆ ಸಂಜೆಗೆ ಬಟ್ಟೆ ತಯಾರು. ಶೋಭಾ ಒಂದು ಅಂಗಡಿಗೆ ಹೊಕ್ಕವಳು ಹೊರಗೆ ಬರಲೇ ಇಲ್ಲ. ಅವರು ಕತ್ತರಿ ಹಿಡಿಯುವ ರೀತಿ, ಕಾಲರಿಗೆ ಒಳಪದರ ಕೂರಿಸುವ ರೀತಿ ನೋಡುತ್ತಾ ಕೂತಳು. "ಆಲಂಕಾರಿನಲ್ಲಿ ಒಂದು ಬ್ಲೌಸಿಗೆ ಒಂದು ವಾರ ಸಮಯ ಕೇಳ್ತಿಯಲ್ಲ, ಕಲಿ ಕಲಿ" ಎಂದು ಪುರುಷೋತ್ತಮ ಛೇಡಿಸಿದ. "ಅವರಿಗೆ ಮಧ್ಯದಲ್ಲಿ ಎದ್ದು ಗಂಡನಿಗೆ ಚಹಾ ಮಾಡ್ಲಿಕ್ಕಿಲ್ಲ" ಎಂದು ಅವಳು ಅಲ್ಲೇ ಬಾಯಿ ಮುಚ್ಚಿಸಿದಳು.

ಸಂಜೆ ಅಲ್ಲಿಂದ ಹೊರಡುವಾಗ ಶೋಭಾ ಅಮ್ಮನ ಕೈಯಲ್ಲಿ ಒಂದು ಪೊಟ್ಟಣ ಇಟ್ಟಳು. ನೀಲಿ ಹೂವಿನ ಅಂಗಿ ಪೈಜಾಮ, ಅಲ್ಲಿನ ಹೆಂಗಸರು ಹಾಕುವಂಥದ್ದೇ. ಜೊತೆಗೆ ಒಂದು ಜೊತೆ ಶೂ.

"ನನಗೆ ಇದೆಲ್ಲ ಯಾಕೆ ಮಾರಾಯ್ತಿ?" ಎಂದು ಕುಸುಮ ಬೈದಳು. ಬೈಯುತ್ತಲೇ ಬಸ್ಸಿನಲ್ಲಿ ಶೂ ಹಾಕಿ, ಕಾಲು ನೀಡಿ, ಬೆರಳು ಆಡಿಸಿ ನೋಡಿದಳು.

ಅದರ ನಂತರದ ಬೆಳಗು ಶನಿವಾರ. ಲಾನ್ ಮತ್ತು ಅವಳ ಗೆಳತಿಯರು ನಮಗಾಗಿ ಕಾದಿದ್ದರು. ಓಟ ಮುಗಿಸಿ ಮಕ್ಕಳು ಕೂರುವಂಥ ಸಣ್ಣ ಸಣ್ಣ ಸ್ಟೂಲುಗಳಲ್ಲಿ ಕೂತು ಗಂಜಿ ಉಂಡೆವು. ಗಂಜಿಯೇ! ಕುಚ್ಚಲಕ್ಕಿಯದ್ದಲ್ಲ, ಬೆಳ್ತಿಗೆ ಅಕ್ಕಿಯದ್ದು, ಮೇಲೆ ಸೊಪ್ಪು ಉದುರಿಸಿದ್ದರು. ಕುಸುಮ ಬ್ಯಾಗಿನಿಂದ ಮಾವಿನ ಮಿಡಿಯ ಉಪ್ಪಿನಕಾಯಿ ತೆಗೆದು ಎಲ್ಲರಿಗೂ ಕೊಟ್ಟಳು. ಒಬ್ಬಳು ಅಜ್ಜಿ ಕಣ್ಣೀರು ಸುರಿಸುತ್ತಲೇ ಎರಡನೆಯ ಮಿಡಿ ಕೇಳಿದಳು. ನಾನು ಮೊಬೈಲಿನಲ್ಲಿ ನಮ್ಮ ಅಡಿಕೆಯ ಫೋಟೋ ತೋರಿಸಿದೆ. ಲಾನ್‌ಳ ಊರಿನಲ್ಲೂ ಅಡಿಕೆ ಉಂಟಂತೆ, ಆದರೆ ಅವರು ಎಳೆಯದನ್ನೇ ಕೊಯ್ಯುವುದು, ಹಣ್ಣಾಗಲು ಬಿಡುವುದಿಲ್ಲವಂತೆ. ನಾನು ಅಡಿಕೆಯ ಬಗ್ಗೆ ಬಹಳ ಹೊತ್ತು ಮಾತಾಡಿದೆ. ಫೋನಿನ ಹೆಂಗಸು ಕೂಡ ದಣಿದಳು. ಅವರೆಲ್ಲ ನನ್ನ ಮಾತಿಗೆ ತಲೆಯಾಡಿಸುತ್ತಿದ್ದರು, ಆದರೆ ಕಣ್ಣೆಲ್ಲ ಕುಸುಮನ ಮೇಲೆ. ಒಬ್ಬಳು ಅವಳ ಕಾಲಿನ ಮೀನಖಂಡ ಮುಟ್ಟಿ ನೋಡಿ ಉಳಿದವರಿಗೆ ತೋರಿಸಿದಳು.

ಹೊರಡುವಾಗ ಲಾನ್ ಫೋನು ಹಿಡಿದಳು. ಪ್ರತಿ ಆದಿತ್ಯವಾರ ಅವರೆಲ್ಲ ಸೇರಿ ಕಡಲಿನ ಆ ತುದಿಯವರೆಗೆ, ಗುಡ್ಡದ ಬುಡದಲ್ಲಿ ಮೀನುಗಾರರ ದೋಣಿಗಳು ಇರುವಲ್ಲಿಯವರೆಗೆ, ಓಡುತ್ತಾರಂತೆ. ಸ್ಪರ್ಧೆಯಲ್ಲ. ನಿಲ್ಲದೆ ಮುಟ್ಟಬೇಕು, ಅಷ್ಟೆ. ಮೊದಲ ಸಲ ನಿಲ್ಲದೆ ಮುಟ್ಟಿದವರನ್ನು ಎಲ್ಲರೂ ಎರಡು ಸಾಲಿನಲ್ಲಿ ನಿಂತು, ಕೈ ಜೋಡಿಸಿ ಚಪ್ಪರದ ಹಾಗೆ ಹಿಡಿದು, ಅದರಡಿಯಲ್ಲಿ ಹಾಯಿಸುತ್ತಾರಂತೆ. "ನಾಳೆ ನೀವು ಬರಬೇಕು" ಎಂದಿತು ಫೋನು. ನೋಡುತ್ತಿದ್ದದ್ದು ಕುಸುಮನನ್ನು.

ಆ ಸಂಜೆ ಕೋಣೆಯ ಕಿಟಕಿಯ ಹತ್ತಿರ ನಿಂತು ಅವಳು ಹೇಳಿದಳು. "ನನಗೊಂದು ಆಸೆ ಉಂಟು. ನಗ್ಬೇಡಿ. ಒಂದು ಸಲ, ಎಲ್ಲಿಯೂ ನಿಲ್ಲದೆ, ಕೊನೆ ತನಕ ಹೋಗ್ಬೇಕು. ಒಂದೇ ಸಲ. ಮತ್ತೆ ಊರಲ್ಲಿ ನಿಮ್ಮೊಟ್ಟಿಗೇ ನಿಂತುಕೊಂಡು ಓಡ್ತೇನೆ."

"ಹೋಗು. ನಿನ್ನನ್ನು ಹಿಡಿದವರು ಯಾರು?" ಎಂದೆ.

"ನಿಮಗೆ ನಡುಗ್ಲಿಕ್ಕೆ ಶುರುವಾದ್ರೆ ಮಾತ್ರ ಕರೀರಿ. ಬೆಲ್ಲ ನನ್ನತ್ರ ಇರ್ತದೆ."

ಆದಿತ್ಯವಾರ

ಅವಳು ನೀಲಿ ಹೂವಿನ ಅಂಗಿ ಪೈಜಾಮ ಹಾಕಿದ್ದಳು. ನನಗೆ ಗುರುತೇ ಸಿಗಲಿಲ್ಲ. ಹೆಂಗಸರೆಲ್ಲ ಸೇರಿ ಹೊರಟರು. ಸ್ವಲ್ಪ ದೂರ ನಾನೇ ಮುಂದಿದ್ದೆ. ಲಾನ್ ಕುಸುಮನ ಮೊಣಕೈ ಹಿಡಿದು ಏನೋ ಹೇಳಿದಳು. ಕುಸುಮ ನನ್ನ ಪಕ್ಕಕ್ಕೆ ಬಂದು, "ಹೋಗ್ಲಾ?" ಎಂದಳು. "ಹ್ಞೂಂ" ಎಂದೆ. ಹೋದಳು.

ಅವಳ ಬೆನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಇಷ್ಟು ವರ್ಷ ನನ್ನ ಬೆನ್ನನ್ನು ಅವಳು ನೋಡಿದ್ದಳು. ಜಡೆಯನ್ನು ಮೇಲೆ ಕಟ್ಟಿದ್ದಳು, ಕುತ್ತಿಗೆ ಕಾಣುತ್ತಿತ್ತು, ಭುಜ ಅಲುಗದೆ ನೇರವಾಗಿತ್ತು. ದಾರಿ ಬದಿಯಲ್ಲಿ ವ್ಯಾಯಾಮ ಮಾಡುತ್ತಿದ್ದವರು ಹೊಸಬಳೆಂದು ತಿಳಿದು ಚಪ್ಪಾಳೆ ತಟ್ಟಿದರು. ಬಿಲ್ಲೆ ಒದೆಯುತ್ತಿದ್ದ ಅಜ್ಜಂದಿರು ಆಟ ನಿಲ್ಲಿಸಿ ಕೂಗಿ ಹುರಿದುಂಬಿಸಿದರು. ಅವರು ಮುಂದೆ ಹೋದ ಮೇಲೆ ನಾನು ಅದೇ ದಾರಿಯಲ್ಲಿ ಬಂದೆ. ಆಗ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು. ಒಬ್ಬ ಹುಡುಗಿ ಮಾತ್ರ ನನಗೆ ನೀರು ಬೇಕಾ ಎಂದು ಸನ್ನೆ ಮಾಡಿದಳು.

ಆ ನೀರಿನ ಸನ್ನೆ ನನ್ನ ಹೊಟ್ಟೆಯಲ್ಲಿ ಬೆಂಕಿ ಹಾಕಿತು. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಓಟ ನನ್ನದು. ಬಹುಮಾನ ತೆಗೆದವನು ನಾನು. ಬೆಲ್ಲ ಹಿಡಿದುಕೊಂಡು ಹಿಂದೆ ಬಂದವಳಿಗೆ ಚಪ್ಪಾಳೆ, ನನಗೆ ನೀರು. ಇಷ್ಟು ಸಣ್ಣ ಯೋಚನೆ. ಎಪ್ಪತ್ತು ವರ್ಷ ತಿಂದ ಅನ್ನ ಇಂಥದ್ದೊಂದು ಯೋಚನೆಯನ್ನು ತಡೆಯಲು ಸಾಲಲಿಲ್ಲ.

ದೂರದಲ್ಲಿ ಗುಡ್ಡದ ಬುಡ ಕಂಡಿತು. ಮರಳಿನ ಮೇಲೆ ಬಿದಿರಿನ ದುಂಡಗಿನ ದೋಣಿಗಳು ಕವುಚಿ ಹಾಕಿದ ಬುಟ್ಟಿಗಳ ಹಾಗೆ ಬಿದ್ದಿದ್ದವು. ಮೊದಲು ಮುಟ್ಟಿದ ಹೆಂಗಸರು ಎರಡು ಸಾಲಾಗಿ ನಿಂತು ಕೈ ಮೇಲೆತ್ತುತ್ತಿದ್ದರು. ಕುಸುಮ ಅಲ್ಲಿಗೆ ಹೋಗಿ ಸೇರಲು ನಮ್ಮ ಮನೆಯಂಗಳದಿಂದ ಗೇಟಿಗಿರುವಷ್ಟು ದೂರ ಉಳಿದಿರಬಹುದು.

ನಾನು ದಾರಿಯ ಬದಿಯ ಮರಳಿನಲ್ಲಿ ಕೂತೆ. ಕೂತು, ಸ್ವರ ಇದ್ದಷ್ಟೂ ಎತ್ತಿ ಕರೆದೆ. "ಕುಸುಮಾ! ಆಗುದಿಲ್ಲ ನನಗೆ!"

ನನಗೆ ಏನೂ ಆಗಿರಲಿಲ್ಲ. ಬೆಳಗ್ಗೆ ಬಾಳೆಹಣ್ಣು ತಿಂದು, ಬ್ರೆಡ್ಡು ತಿಂದು ಹೊರಟವನು ನಾನು. ಮೈ ಬೆವತಿತ್ತು, ಅದು ಓಡಿದ ಬೆವರು. ಕೈಯನ್ನು ನಾನೇ ನಡುಗಿಸಿದೆ.

ಅವಳು ನಿಂತಳು. ಚಪ್ಪರದ ಕಡೆ ಒಮ್ಮೆ ನೋಡಿದಳು. ಒಮ್ಮೆ ಮಾತ್ರ. ಆಮೇಲೆ ತಿರುಗಿ ನನ್ನ ಕಡೆ ಓಡಿ ಬಂದಳು. ಹೋಗುವಾಗ ಓಡಿದ್ದಕ್ಕಿಂತ ಎಷ್ಟೋ ಜೋರಾಗಿ ಬಂದಳು. ಮೊಣಕಾಲೂರಿ, ಕರವಸ್ತ್ರದ ಗಂಟನ್ನು ಹಲ್ಲಿನಲ್ಲಿ ಬಿಚ್ಚಿ, ಬೆಲ್ಲವನ್ನು ನನ್ನ ಬಾಯಿಗೆ ತುರುಕಿದಳು. "ಅಗೀರಿ... ನುಂಗಿ... ನನ್ನನ್ನು ನೋಡಿ, ಕಣ್ಣು ಮುಚ್ಬೇಡಿ." ಅಷ್ಟು ದೂರ ಓಡಿ ಏದುಸಿರು ಬಿಡದವಳು ಈಗ ಏದುಸಿರು ಬಿಡುತ್ತಿದ್ದಳು. ಕೈ ನಡುಗುತ್ತಿದ್ದದ್ದು ಅವಳದ್ದು.

ಹೆಂಗಸರೆಲ್ಲ ಚಪ್ಪರ ಬಿಟ್ಟು ಓಡಿ ಬಂದರು. ಟೊಪ್ಪಿಗಳಿಂದ ಗಾಳಿ ಹಾಕಿದರು. ಒಬ್ಬಳು ಕಬ್ಬಿನ ಹಾಲು ತಂದಳು. ನಾನು ಎಲ್ಲವನ್ನೂ ಕುಡಿದೆ.

ಹೋಟೆಲಿನ ಕೋಣೆ

ಅಳಿಯ ಟ್ಯಾಕ್ಸಿಯಲ್ಲಿ ಬಂದು ಕರೆದುಕೊಂಡು ಹೋದ. ಕೋಣೆಯಲ್ಲಿ ಬೆರಳು ಚುಚ್ಚಿ ಶುಗರ್ ನೋಡಿದ. ಸರಿಯಾಗಿಯೇ ಇತ್ತು, ಸ್ವಲ್ಪ ಹೆಚ್ಚೇ. "ಅತ್ತೆಯ ಬೆಲ್ಲ ಕೆಲಸ ಮಾಡಿದೆ" ಎಂದ. ನನ್ನ ಸುಳ್ಳಿಗೆ ಮೀಟರು ಸಾಕ್ಷಿ ಹೇಳಿತು.

ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಶೋಭಾ ಅಮ್ಮನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ, ಆದರೆ ಖಾರವಾಗಿ ಕೇಳಿದಳು.

"ಅಮ್ಮ, ನೀನು ಮುಂದೆ ಹೋದದ್ದು ಯಾಕೆ? ಅಪ್ಪನ ವಿಷಯ ಗೊತ್ತಿಲ್ಲವಾ ನಿನಗೆ?"

"ಹೋಗ್ಲಾ ಅಂತ ಕೇಳಿದೆ..."

"ಅವರು ಹೋಗು ಅಂತಲೇ ಹೇಳುದು. ನಿನಗೆ ಬುದ್ಧಿ ಬೇಡವಾ? ಪರದೇಶದಲ್ಲಿ ಏನಾದ್ರೂ ಆಗಿದ್ರೆ?"

"ಹೌದು. ತಪ್ಪಾಯ್ತು ನನ್ನದು" ಎಂದಳು ಕುಸುಮ.

ದಾರಿ ಬದಿಯಲ್ಲಿ ಮಾಡಿದ್ದನ್ನು ಒಂದು ಕ್ಷಣದ ಕೆಟ್ಟ ಬುದ್ಧಿ ಎಂದು ಬೇಕಾದರೆ ಹೇಳಬಹುದು. ಇದಕ್ಕೆ ಏನು ಹೇಳಲಿ? ಕಣ್ಣು ತೆರೆದು ಎರಡು ಮಾತು ಆಡಿದ್ದರೆ ಸಾಕಿತ್ತು. ಮಗಳ ಮುಂದೆ, ಅಳಿಯನ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಮಲಗಿಯೇ ಇದ್ದೆ. ಅವಳು ಮಗಳ ಮುಂದೆ ತಲೆ ತಗ್ಗಿಸಿ ನಿಂತದ್ದು ನನಗೆ ಕಣ್ಣು ಮುಚ್ಚಿಯೂ ಕಾಣುತ್ತಿತ್ತು.

ಸಂಜೆ ಲಾನ್ ಒಂದು ಚೀಲ ಹಣ್ಣು ಹಿಡಿದುಕೊಂಡು ಹೋಟೆಲಿಗೆ ಹುಡುಕಿಕೊಂಡು ಬಂದಳು. ನಮ್ಮ ವಿಮಾನ ಮರುದಿನ ಮಧ್ಯಾಹ್ನ ಎಂದು ತಿಳಿದಾಗ ಅವಳ ಮುಖ ಅರಳಿತು. ಫೋನು ಹೇಳಿತು: "ನಾಳೆ ಬೆಳಿಗ್ಗೆ ಮತ್ತೆ ಆರಂಭದಿಂದ ಓಡೋಣ. ಎಲ್ಲರೂ ಬರುತ್ತಾರೆ. ನಿಮ್ಮ ಅಳಿಯ ನಿಮ್ಮ ಪತಿಯ ಜೊತೆ ಕುಳಿತುಕೊಳ್ಳಲಿ."

ದೇವರು ಎರಡನೆಯ ಸಲ ಬಾಗಿಲು ತೆರೆದ ಹಾಗಿತ್ತು. ಕುಸುಮ ನನ್ನ ಕಡೆ ನೋಡಿದಳು. ಹೋಗು ಎಂದು ಒಂದು ಮಾತು ನಾನು ಹೇಳಬೇಕಿತ್ತು. ನಾನು ಲಾನ್‌ಳ ಫೋನಿಗೆ ಹೇಳಿದೆ, "ಅವಳಿಗೂ ಸುಸ್ತಾಗಿದೆ. ಬೇಡ."

ಫೋನು ಅದನ್ನು ಅವರ ಭಾಷೆಗೆ ಮಾಡಿತು. ಲಾನ್ ನನ್ನ ಮುಖ ನೋಡಿದಳು. ಮೊದಲ ದಿನದ ಮರುಕ ಅದರಲ್ಲಿ ಇರಲಿಲ್ಲ. ಅವಳಿಗೆ ತಿಳಿಯಿತು ಎಂದು ನನಗೆ ಅನ್ನಿಸಿತು. ಇಡೀ ಲೋಕದಲ್ಲಿ ಅವಳೊಬ್ಬಳಿಗೆ. ಕುಸುಮನನ್ನು ತಬ್ಬಿಕೊಂಡು, ನನ್ನ ಬೆನ್ನು ತಟ್ಟದೆ ಹೋದಳು.

ಮತ್ತೆ ಆಲೆಟ್ಟಿ

ಊರಿಗೆ ಬಂದ ಮೇಲೆ ಕುಸುಮ ಶೂ ತೊಳೆದು, ಬಿಸಿಲಿಗೆ ಒಣಗಿಸಿ, ಪೇಪರಿನಲ್ಲಿ ಸುತ್ತಿ ಶೋಭಾಳಿಗೆ ಕೊಟ್ಟುಬಿಟ್ಟಳು. "ನನ್ನ ಅಳತೆಯೇ ನಿನಗೂ, ಹಾಕು" ಎಂದಳು. ನನ್ನ ಓಟವನ್ನೂ ನಿಲ್ಲಿಸಿದಳು. ಈಗ ನಾನು ಅಂಗಳದಲ್ಲಿ ನಡೆಯುತ್ತೇನೆ. ಅವಳು ಮೆಟ್ಟಿಲಲ್ಲಿ ಕೂತು ನನ್ನ ಮುಖ ನೋಡುತ್ತಾಳೆ. ಬೆವರು ಯಾವಾಗ ಬರುತ್ತದೆ ಎಂದು ನೋಡುವ ಆ ನೋಟದ ಮುಂದೆ ಅತ್ತಿಂದಿತ್ತ ನಡೆಯುವುದು ಎಂಥ ಶಿಕ್ಷೆ ಎಂದು ಹೇಳಿದರೆ ತಿಳಿಯುವುದಲ್ಲ.

ಒಂದು ತಿಂಗಳು ತಡೆದೆ. ಆಮೇಲೆ ಒಂದು ದಿನ ಕಾಫಿ ಕುಡಿಯುವಾಗ ಎಲ್ಲವನ್ನೂ ಹೇಳಿದೆ. ನಡುಗಿದ್ದು ಸುಳ್ಳು, ಕರೆದದ್ದು ಹೊಟ್ಟೆಕಿಚ್ಚಿನಿಂದ, ನಿನಗೆ ಚಪ್ಪಾಳೆ ತಟ್ಟಿದ್ದು ತಡೆಯಲಾಗಲಿಲ್ಲ ಎಂದೆ.

ಅವಳು ಲೋಟ ಕೆಳಗಿಟ್ಟು ನಕ್ಕಳು. "ನನ್ನ ಮನಸ್ಸಿಗೆ ಬೇಜಾರಾಗ್ಬಾರದು ಅಂತ ಹೇಳುದಲ್ಲವಾ ನೀವು?"

"ಅಲ್ಲ ಮಾರಾಯ್ತಿ, ಸತ್ಯ ಹೇಳುದು."

"ನಾನು ಕಣ್ಣಾರೆ ನೋಡಿದ್ದೇನೆ. ಮುಖ ಬಿಳಿಚಿಕೊಂಡಿತ್ತು ನಿಮ್ಮದು. ಬೆಲ್ಲ ಹೋದ ಮೇಲಲ್ಲವಾ ಸರಿಯಾದದ್ದು? ಮೀಟರಿನಲ್ಲೂ ಬಂತು."

"ಮೊದಲೇ ಸರಿ ಇತ್ತು."

"ಆಯ್ತು ಆಯ್ತು. ಸುಳ್ಳು ಹೇಳ್ಲಿಕ್ಕೂ ಸರಿಯಾಗಿ ಬರುದಿಲ್ಲ ನಿಮಗೆ" ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು, "ಅಪ್ಪ, ನಾನು ಅಮ್ಮನಿಗೆ ಅಂದು ಬೈದದ್ದು ತಪ್ಪು. ಅದಕ್ಕೆ ನೀವು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳುದು ಬೇಡ. ನಿಮ್ಮಂಥವರು ಎಷ್ಟು ಜನ ಸಿಗ್ತಾರೆ?" ಎಂದಳು. ಅಳಿಯ ಹಿಂದಿನಿಂದ, "ಮಾವ ದೊಡ್ಡ ಮನುಷ್ಯ" ಎಂದದ್ದು ಕೇಳಿಸಿತು. ಹೇಳಿದಷ್ಟೂ ನಾನು ಒಳ್ಳೆಯವನಾಗುತ್ತಾ ಹೋಗುತ್ತಿದ್ದೇನೆ. ಆದ್ದರಿಂದಲೇ ಇದನ್ನು ಬರೆದದ್ದು.

ಕಳೆದ ವಾರ ಅವಳ ಕೈ ಹಿಡಿದು ಬೇಡಿಕೊಂಡೆ. "ನನಗೋಸ್ಕರ ಒಮ್ಮೆ ಹೋಗು. ಮೈದಾನದ ತನಕ, ನಿಲ್ಲದೆ. ನಾನು ತಿಂಡಿ ತಿಂದಿದ್ದೇನೆ. ಮನೆಯಲ್ಲೇ ಇರ್ತೇನೆ. ಎಂತ ಆಗುದಿಲ್ಲ ನನಗೆ." ಬಹಳ ಹೇಳಿದ ಮೇಲೆ, "ಆಯ್ತು, ನೀವು ಕೂತ್ಕೊಳ್ಳಿ" ಎಂದು ಹೊರಟಳು. ಗೇಟು ದಾಟುವಾಗ ಓಡುವ ಹಾಗೆ ಎರಡು ಹೆಜ್ಜೆ ಹಾಕಿದಳು.

ನಾನು ಟೆರೇಸಿಗೆ ಹತ್ತಿದೆ. ಅಲ್ಲಿಂದ ರಸ್ತೆ ತಿರುವಿನವರೆಗೆ ಕಾಣುತ್ತದೆ. ಅವಳು ತಿರುವಿನವರೆಗೆ ಹೋಗಲಿಲ್ಲ. ಗೇಟಿನಾಚೆಯ ಮೋರಿಕಟ್ಟೆಯ ಮೇಲೆ, ನಮ್ಮ ಮನೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಕಿವಿ ಇಲ್ಲಿಯೇ ಇಟ್ಟಿದ್ದಳು ಎಂದು ಕಾಣುತ್ತದೆ, ಯಾರೋ ಬೈಕಿನಲ್ಲಿ ಹೋದಾಗ ಸದ್ದಿಗೆ ಸಿಡುಕಿದಳು. ಮೈದಾನಕ್ಕೆ ಹೋಗಿ ಬರಲು ಬೇಕಾದಷ್ಟು ಹೊತ್ತು ಹಾಗೆಯೇ ಕೂತು, ಆಮೇಲೆ ಎದ್ದಳು.

ನಾನು ಬೇಗ ಇಳಿದು ಬಂದು ಕುರ್ಚಿಯಲ್ಲಿ ಕೂತೆ.

"ಓಡಿದೆಯಾ?" ಎಂದು ಕೇಳಿದೆ.

"ಓಡಿದೆ. ಎಲ್ಲಿಯೂ ನಿಲ್ಲಲಿಲ್ಲ. ಈಗ ಸಮಾಧಾನ ಆಯ್ತಲ್ಲ ನಿಮಗೆ?" ಎಂದಳು.

ಅವಳ ಹಣೆಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ. "ಆಯ್ತು" ಎಂದೆ.